ಹಿಮ್ಮಡಿಗೆ ತಾಗಿದ ಎರಡು ಬೆರಳು

ಗೋವಿಂದ ಅವತ್ತು ನನ್ನನ್ನು ಮುಟ್ಟಿದ್ದ. ಬಲಗಾಲಿನ ಹಿಮ್ಮಡಿಗೆ, ಎರಡು ಬೆರಳು. ನಾನು ಮುಟ್ಟಿಲ್ಲ ಅಂದೆ. ಒಂಬತ್ತು ವರ್ಷ ಅದನ್ನೇ ಹೇಳಿಕೊಂಡು ಬಂದೆ — ಕೇಳಿದವರಿಗೂ, ಕೇಳದವರಿಗೂ.

ಒಂದು ಕಬಡ್ಡಿ ಆಟ, ಒಂದು ಪಾಯಿಂಟು, ಇದಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಲಿ ಎಂದು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ.

ನಾನು ಮುನಿರಾಜು, ಚಿಕ್ಕಬಾಣಾವರದವನು. ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ನಾವು ಸಾಲಾಗಿ ಕಟ್ಟಿಸಿದ ಶೀಟಿನ ಮನೆಗಳಿವೆ. ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು ಬಾಡಿಗೆಗಿದ್ದಾರೆ. ಅದರಲ್ಲೊಂದು ಮನೆಗೆ ಗೋವಿಂದ ಬಂದ. ಜೊತೆಗೆ ಹೆಂಡತಿ ಸೀತಾ, ಮೂರು ವರ್ಷದ ಮಗಳು ಸರಿತಾ. ನೇಪಾಳದ ದಾಂಗ್ ಕಡೆಯವರು. ಗೋವಿಂದ ಅನ್ನುವುದು ನಮ್ಮ ಮನೆದೇವರ ಹೆಸರೇ. ಆದರೂ ಊರೆಲ್ಲ ಅವನನ್ನು ಬಹದ್ದೂರ್ ಎಂದೇ ಕರೆಯಿತು. ನೇಪಾಳದವನೆಂದರೆ ಬಹದ್ದೂರ್, ಬಹದ್ದೂರ್ ಎಂದರೆ ವಾಚ್‌ಮನ್ — ನಮ್ಮ ತಿಳಿವಳಿಕೆ ಅಷ್ಟಕ್ಕೇ ನಿಂತಿತ್ತು. ಅವನೋ, ಲೇತ್ ಮೆಷಿನ್ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೆಲಸ ಮಾಡುವವನು.

ಬಂದ ದಿನ ನಮ್ಮಮ್ಮ ಮುಂದೆ ನಿಂತು ಅವರಿಂದ ಹಾಲುಕ್ಕಿಸಿದಳು. ಆರು ತಿಂಗಳಲ್ಲಿ ಸೀತಾ ಗಂಟಿಲ್ಲದೆ ಮುದ್ದೆ ಕಟ್ಟುವುದನ್ನು ಕಲಿತಳು. ಗೋವಿಂದ ಕನ್ನಡ ಕಲಿತ, ಅದೂ ನಮ್ಮಮ್ಮನ ಕನ್ನಡ, ಹಕಾರವನ್ನೆಲ್ಲ ನುಂಗಿಕೊಂಡು. ಯಾರನ್ನು ಕಂಡರೂ "ಎಂಗಿದೀರಾ ಅಣ್ಣ?" ಎನ್ನುವನು. ಅವನಿಗೆ ಇಲ್ಲಿಯವನಾಗುವ ಆಸೆ ಎಷ್ಟಿತ್ತೆಂದರೆ — ನೋಡಿದರೆ ಸಾಕು, ತಿಳಿಯುತ್ತಿತ್ತು. ನನಗೂ ತಿಳಿದಿತ್ತು.

ಜಗಳ ಎದ್ದದ್ದು ಶಾಲೆಯ ಮೈದಾನಕ್ಕಾಗಿ. ಅಲ್ಲಿ ನಾವು, ಊರಿನ ಹುಡುಗರು, ಆಡುತ್ತಿದ್ದೆವು. ಭಾನುವಾರ ತಾವೂ ಆಡುತ್ತೇವೆ ಎಂದು ಬಾಡಿಗೆ ಮನೆಗಳ ಹುಡುಗರು ಕೇಳಿದರು. ನಾನು ಊರಿನ ತಂಡದ ಕ್ಯಾಪ್ಟನ್. ಮೀಸೆ ತಿರುವಿ, ಗೆದ್ದು ತಗೊಳ್ಳಿ ನೋಡೋಣ ಅಂದೆ. ಅವರು ಗೆದ್ದರೆ ಭಾನುವಾರದ ಮೈದಾನ ಅವರದು. ಸಮವಾದರೂ ಸೋತರೂ ಗೇಟಿನ ಕಡೆ ತಲೆ ಹಾಕುವಂತಿಲ್ಲ. ಹೀಗೆ ಮಾತಾಯಿತು.

ಕೊನೆಯ ರೈಡಿಗೆ ಸ್ಕೋರು ಸಮ. ಉಸಿರು ಹಿಡಿದು ಒಳಗೆ ಬಂದವನು ಗೋವಿಂದ. ಮೂಲೆಯಲ್ಲಿ ನಾನಿದ್ದೆ. ಎಡಕ್ಕೆ ಹೋಗುವವನಂತೆ ಹೋಗಿ, ನೆಲಕ್ಕೆ ಬಾಗಿ, ಒಂದು ಗಳಿಗೆಯಲ್ಲಿ ನನ್ನ ಹಿಮ್ಮಡಿಗೆ ಬೆರಳು ತಾಗಿಸಿ ನಡುಗೆರೆ ದಾಟಿಬಿಟ್ಟ. ಎಂಥ ರೈಡು ಅದು! ಇಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೊಗಳಲೂ ಆಗಲಿಲ್ಲವಲ್ಲ ನನಗೆ.

ಕಬಡ್ಡಿಯಲ್ಲಿ ಒಂದು ಮರ್ಯಾದೆ ಇದೆ. ಮುಟ್ಟಿಸಿಕೊಂಡವನು ರೆಫರಿ ಹೇಳುವವರೆಗೆ ಕಾಯಬಾರದು. ತಾನೇ ಕೈ ಎತ್ತಿ, ಗೆರೆಯಾಚೆ ಹೋಗಿ ಕೂರಬೇಕು. ಊರಿನ ಹುಡುಗರಿಗೆ ಅದನ್ನು ಹೇಳಿಕೊಟ್ಟವನು ನಾನೇ. ಧೂಳೆದ್ದು ರೆಫರಿಗೆ, ಅಂದರೆ ನಮ್ಮ ಪಿ.ಟಿ. ಮೇಷ್ಟ್ರಿಗೆ, ಏನೂ ಕಾಣಿಸಿರಲಿಲ್ಲ. ಅವರು ನನ್ನನ್ನೇ ಕೇಳಿದರು. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ.

"ಮುನಿರಾಜು, ಮುಟ್ಟಿದ್ನೇನೋ?"

"ಇಲ್ಲ ಸಾರ್. ಮುಟ್ಟಿಲ್ಲ."

ಗೋವಿಂದ ನನ್ನ ಕಾಲು ತೋರಿಸಿದ. "ಮುಟ್ದೆ ಅಣ್ಣ. ಇಮ್ಮಡಿ ಮುಟ್ದೆ."

ನಾನು ಕೈ ಎತ್ತಲಿಲ್ಲ. ಮನೆ ಓನರಿನ ಎದುರು ಬಾಡಿಗೆದಾರ ಎಷ್ಟು ಸಲ ಹೇಳಿಯಾನು? ಎರಡು ಸಲ ಹೇಳಿದ. ಗುಂಪಿನಲ್ಲಿ ಯಾರೋ ಅವನ ದನಿಯಲ್ಲೇ ಅಣಕಿಸಿದರು — "ಮುಟ್ದೆ ಅಣ್ಣಾ!" ಎಲ್ಲರೂ ನಕ್ಕರು. ನಾನೂ... ಹೌದು, ನಾನೂ ನಕ್ಕೆ.

ಮೈದಾನ ನಮಗೇ ಉಳಿಯಿತು. ಅದು ಸಣ್ಣ ಮಾತು. ಅವನ ಮಾತಿಗೆ ಬೆಲೆ ಹೋಯಿತು, ಅದು ದೊಡ್ಡದು. ಅಂದಿನಿಂದ ಅವನ ಹೆಸರು ಬಹದ್ದೂರ್ ಕೂಡ ಅಲ್ಲ, "ಮುಟ್ದೆ ಅಣ್ಣ". ಸೋತ ಸಿಟ್ಟಿಗೆ ಅವನ ತಂಡದವರೇ ಅವನನ್ನು ಸುಳ್ಳ ಅಂದರು. ಹಿಟ್ಟಿನ ಗಿರಣಿಯಲ್ಲಿ ಸೀತಾ, ಬೆಳಿಗ್ಗೆಯೇ ರಾಗಿ ಕೊಟ್ಟಿದ್ದೆ ಅಂದರೆ, "ಎಂಗೆ, ನಿಮ್ಮನೇರು ಮುಟ್ದೆ ಅಂದಂಗಾ?" ಎಂದು ಗಿರಣಿಯವನು ಕೇಳುತ್ತಿದ್ದ. ಸುತ್ತ ನಿಂತವರಿಗೆ ತಮಾಷೆ. ಆಕೆ ಚೀಲ ಹಿಡಿದುಕೊಂಡು ತಲೆ ತಗ್ಗಿಸಿ ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲಿಯೂ ಬಾಯಿ ಬಿಡಲಿಲ್ಲ.

ಸರಿತಾ ನನ್ನ ಮಗಳು ಭೂಮಿಕಾಳ ಕ್ಲಾಸಿಗೇ ಸೇರಿದಳು. ಹೋಂವರ್ಕ್ ಮಾಡಿದ್ದೇನೆ ಎಂದು ಆ ಮಗು ಹೇಳಿದರೂ ಮಕ್ಕಳು ಅದನ್ನೇ ಕೂಗುತ್ತಿದ್ದರಂತೆ. ಒಂದು ದಿನ ಭೂಮಿಕಾ ಕೇಳಿದಳು. "ಅಪ್ಪಾ, ಸರಿತಾ ಅಪ್ಪ ನಿಂಗೆ ಮೋಸ ಮಾಡಕ್ಕೆ ನೋಡಿದ್ರಂತೆ, ಹೌದಾ?"

"ಆಟದಲ್ಲಿ ಅದೆಲ್ಲ ಇದ್ದಿದ್ದೇ ಬಿಡು, ಕ್ಷಮಿಸಿಬಿಡ್ಬೇಕು" ಅಂದೆ. ನೋಡಿ ನನ್ನ ದೊಡ್ಡಸ್ತಿಕೆ. ಅವನನ್ನು ಕ್ಷಮಿಸಿದವನು ನಾನು!

ಅವನು ಊರು ಬಿಟ್ಟು ಹೋಗುತ್ತಾನೆ ಎಂದುಕೊಂಡಿದ್ದೆ. ಹೋಗಲಿ ಎಂದೂ ಒಳಗೊಳಗೇ... ಅವನು ಹೋಗಲಿಲ್ಲ. ರೈಲು ಹಳಿಯ ಪಕ್ಕದ ಖಾಲಿ ಸೈಟಿನಲ್ಲಿ ಕಲ್ಲು ಆರಿಸಿ, ಮಣ್ಣು ಹದ ಮಾಡಿ, ಭಾನುವಾರ ಸರಿತಾಗೂ ಅಕ್ಕಪಕ್ಕದ ಹೆಣ್ಣುಮಕ್ಕಳಿಗೂ ಕಬಡ್ಡಿ ಕಲಿಸತೊಡಗಿದ. ಬಿಹಾರದವರು, ರಾಯಚೂರಿನವರು, ಒಡಿಶಾದವರು, ಎಲ್ಲರ ಮಕ್ಕಳೂ ಬಂದರು. ಆಮೇಲೆ ಊರಿನ ಮಕ್ಕಳೂ ಹೋದರು. ನನ್ನ ಮಗಳು ನನ್ನನ್ನು ಕೇಳದೆಯೇ ಹೋದಳು. ಕೊನೆಗೆ ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಮೇಡಂ, ಹುಡುಗಿಯರ ತಂಡಕ್ಕೆ ನೀವೇ ಕಲಿಸಬೇಕು ಎಂದು ಗೋವಿಂದನನ್ನು ಕರೆದರು. ನಾನು ಮುಚ್ಚಿಸಿದ ಗೇಟು ಒಳಗಿನಿಂದಲೇ ತೆರೆಯಿತು.

ಈ ವರ್ಷ ಆ ಹುಡುಗಿಯರು ಜಿಲ್ಲೆಯ ಫೈನಲ್‌ ತಲುಪಿದರು. ನಾನೂ ವ್ಯಾನು ಮಾಡಿಕೊಂಡು ಜನರೊಂದಿಗೆ ಹೋಗಿದ್ದೆ. ಇನ್ನು ಒಂದೇ ನಿಮಿಷ, ನಮಗೆ ಒಂದು ಪಾಯಿಂಟು ಮುನ್ನಡೆ. ಎದುರು ತಂಡದ ಹುಡುಗಿ ರೈಡ್ ಮಾಡಿ, ಬರಿಗೈಲಿ ವಾಪಸ್ ಹೋದಳು ಎಂದು ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ರೆಫರಿಯೂ ಪಾಯಿಂಟಿಲ್ಲ ಎಂದು ಕೈ ಆಡಿಸಿಯಾಗಿತ್ತು. ಆಗ ಭೂಮಿಕಾ ಕೈ ಎತ್ತಿದಳು.

ನಾನು ಎದ್ದು ನಿಂತು ಅರಚಿದೆ. "ಏಯ್, ಕೈ ಇಳಿಸೇ! ಯಾರೂ ನೋಡಿಲ್ಲ ಕಣೇ!"

ಅವಳು ನನ್ನ ಕಡೆ ತಿರುಗಲೂ ಇಲ್ಲ. ಗೋವಿಂದನ ಕಡೆ ನೋಡಿದಳು. ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ನನ್ನ ಮಗಳು ನೆಟ್ಟಗೆ ನಡೆದು ಗೆರೆಯಾಚೆ ಹೋಗಿ ಕೂತಳು. ಸ್ಕೋರು ಸಮವಾಯಿತು. ಕೊನೆಯ ರೈಡಿಗೆ ಹೋದವಳು ಸರಿತಾ. ಎಡಕ್ಕೆ ಹೋಗುವವಳಂತೆ ಹೋದಳು, ನೆಲಕ್ಕೆ ಬಾಗಿದಳು — ನನ್ನ ಹಿಮ್ಮಡಿ ಜುಮ್ಮೆಂದಿತು — ಇಬ್ಬರನ್ನು ಮುಟ್ಟಿ ಗಾಳಿಯಂತೆ ವಾಪಸ್ ಬಂದಳು. ಮುಟ್ಟಿಸಿಕೊಂಡ ಇಬ್ಬರೂ ಕೈ ಎತ್ತಿದರು. ಗೆದ್ದೆವು. ನಮ್ಮೂರು ಗೆದ್ದಿತು!

ವ್ಯಾನಿನಲ್ಲಿ ಮಗಳನ್ನು ಕೇಳಿದೆ, ಯಾಕೆ ಕೈ ಎತ್ತಿದೆ ಎಂದು. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಮುಟ್ಟಿದ್ಲಲ್ಲಪ್ಪ" ಅಂದಳು. "ಮುಟ್ಟಿದ್ರೆ ಎತ್ಬೇಕು. ಗೋವಿಂದ್ ಮಾಮ ಮೊದಲ್ನೇ ದಿನಾನೇ ಹೇಳ್ಕೊಟ್ಟಿದ್ದು."

ಮುಂದಿನ ಭಾನುವಾರ ಅದೇ ಮೈದಾನದಲ್ಲಿ ಸನ್ಮಾನ. ಶಾಮಿಯಾನ, ತಮಟೆ, ಇಡೀ ಊರು. ಊರಿನ ಹಳೇ ಕ್ಯಾಪ್ಟನ್ ಎಂದು ಗೋವಿಂದನಿಗೆ ಹಾರ ಹಾಕಬೇಕಾದವನು ನಾನು. ಹಾರ ಹಾಕಿದೆ. ಮೈಕು ತೆಗೆದುಕೊಂಡೆ. ಬಲಗೈ ಎತ್ತಿದೆ. ಜೈಕಾರ ಕೂಗಿಸುತ್ತಾನೆಂದು ಜನ ಕಾದರು.

"ಒಂಬತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಗೋವಿಂದ ನನ್ನ ಮುಟ್ದ. ಬಲಗಾಲು, ಹಿಮ್ಮಡಿ. ಅವ್ನು ಹೇಳಿದ್ದು ನಿಜ. ನಾನ್ ಹೇಳಿದ್ದು ಸುಳ್ಳು. ನಾನು ಔಟು."

ತಮಟೆಯವನೂ ಕೋಲು ಕೆಳಗಿಳಿಸಿದ. ಮುಂದಿನ ಸಾಲಿನಲ್ಲಿ ಸೀತಾ ಎದ್ದು ನಿಂತಳು. ತಲೆ ಎತ್ತಿಕೊಂಡು ಸುತ್ತಲೂ ನೋಡಿದಳು. ಗಿರಣಿಯವನು ಕೂತಿದ್ದ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ ನನ್ನನ್ನು.

"ಒಂಬತ್ತ್ ವರ್ಷ ಅಣ್ಣ" ಅಂದಳು. ಅಷ್ಟೇ.

ಗೋವಿಂದ ಹಾರ ಸರಿಮಾಡಿಕೊಂಡ. ಕಣ್ಣು ತುಂಬಿತ್ತು. ಮೊದಲ ಸಾಲಿನಲ್ಲಿದ್ದ ನಮ್ಮ ಹಳೇ ಪಿ.ಟಿ. ಮೇಷ್ಟ್ರ ಕಡೆ ತಿರುಗಿ ಹೇಳಿದ. "ಸಾರ್, ಒಂದ್ ಪಾಯಿಂಟ್ ಬರ್ಕೊಳಿ."

ಮೇಷ್ಟ್ರು ಜೇಬಿನ ಪೆನ್ನು ತೆಗೆದು, ಆಮಂತ್ರಣ ಪತ್ರದ ಹಿಂಬದಿಯಲ್ಲಿ ಬರೆದುಕೊಂಡರು. ಮೊದಲು ಕೂಗಿದವಳು ನನ್ನ ಮಗಳೇ. "ಮುಟ್ದೆ ಅಣ್ಣಾ!" ಹುಡುಗಿಯರೆಲ್ಲ ಕೂಗಿದರು. ಆಮೇಲೆ ಊರೇ ಕೂಗಿತು. ತಮಟೆ ಮತ್ತೆ ಶುರುವಾಯಿತು, ಗೋವಿಂದನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನೂ ಎರಡು ಬೆರಳು ಮೇಲೆತ್ತಿ ಕೂಗುತ್ತಿದ್ದ.

ನಾನು ವೇದಿಕೆ ಇಳಿದು, ಸುಣ್ಣದ ಗೆರೆ ದಾಟಿ, ಆಚೆ ಹೋಗಿ ಕೂತೆ.