ಸೊನ್ನೆ ನುಂಗಿದ ಚೀಟಿ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು 'ಇಂಜಿನಿಯರ್' ಎಂದೇ ಕರೆಯುತ್ತಿದ್ದರು. ಕಾಲೇಜನ್ನು ಅರ್ಧಕ್ಕೇ ಬಿಟ್ಟವನಿಗೆ ಇದಕ್ಕಿಂತ ಅಗ್ಗದ ಡಿಗ್ರಿ ಎಲ್ಲೂ ಸಿಗುತ್ತಿರಲಿಲ್ಲ. ಹಬೆಯಲ್ಲಿ ಬೆಂದು ಬೆಂದು ಜೀವ ಸಾಕಾಗಿತ್ತು. ಮೇಲಿನ ಕೋಣೆಯಲ್ಲಿ ಖಾಲಿ ಬಿದ್ದ ಕಂಪ್ಯೂಟರ್ ಮೇಜಿನ ಮೇಲೇ ಕಣ್ಣು. ಬಟ್ಟೆಯ ಗಂಟುಗಳನ್ನು ವಿಂಗಡಿಸಲು ಚೀಟಿ ಮುದ್ರಿಸುವ ಪ್ರೋಗ್ರಾಂ ಬರೆದು ತೋರಿಸು, ಮೇಜು ನಿನಗೇ ಎಂದಿದ್ದರು ಲಾಂಡ್ರಿಯ ಉಸ್ತುವಾರಿ ಮೇಡಂ.

ಪ್ರೋಗ್ರಾಂ ಬರೆಯಲು ಕಲಿಸಿದವಳು ಅವನ ಅಕ್ಕ, ಊಟದ ತಟ್ಟೆ ಮುಂದಿಟ್ಟುಕೊಂಡೇ. ವೇರಿಯಬಲ್ ಅಂದರೆ ಹೆಸರು ಹೊಲಿದ ಚೀಲ. ಹೆಸರು ಅದೇ, ಒಳಗಿನದು ದಿನಾ ಬದಲು ಎಂದಳು. ಚೀಲ ಹೊತ್ತ ಬೆನ್ನಿಗೆ ಅದು ಬೇಗ ಅರ್ಥವಾಯಿತು. ಹಾಸುಗಳು ಎಷ್ಟೆಂಬುದು ಪೂರ್ಣಸಂಖ್ಯೆ, ಗಂಟಿನ ತೂಕ ದಶಮಾಂಶ, ವಾರ್ಡಿನ ಹೆಸರು ಪಠ್ಯ, ಒಗೆದಾಯಿತೇ ಎಂಬುದಕ್ಕೆ ಹೌದು ಅಥವಾ ಇಲ್ಲ. ಗಂಟಿನ ಮೇಲೆ ಬರೆಯುವ ಗುರುತಿನ ವಿಷಯ ಮಾತ್ರ ಅವನು ಕೇಳಲೇ ಇಲ್ಲ. ಅಂಕಿಗಳಿವೆ, ಅಂದಮೇಲೆ ಸಂಖ್ಯೆಯೇ ತಾನೆ?

ಲಾಂಡ್ರಿಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಸಾಮಾನ್ಯ ವಾರ್ಡಿನ ಗಂಟು 7 ಆದರೆ, ಆಪರೇಷನ್ ಕೋಣೆಯದು 07. ಸೊನ್ನೆ ಇದ್ದದ್ದು ಕುದಿನೀರಿನ ಯಂತ್ರಕ್ಕೆ.

ಪ್ರೋಗ್ರಾಂ ಓಡಿಸಿದ ಮೊದಲ ದಿನ ಚೀಟಿಗಳು ಸರಸರ ಬಂದವು, ಗಂಟುಗಳು ಯಂತ್ರ ಸೇರಿದವು. ಆಮೇಲೆ ನೋಡಿದರೆ 7 ಎಂಬ ಚೀಟಿಗಳು ಎರಡು. ಸಂಖ್ಯೆಯ ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಕಂಪ್ಯೂಟರ್ ಅದನ್ನು ನುಂಗಿಬಿಟ್ಟಿತ್ತು. ಆಪರೇಷನ್ ಬಟ್ಟೆ, ವಾರ್ಡಿನ ಬಟ್ಟೆ ಎಲ್ಲ ಒಂದೇ ಉಗುರುಬೆಚ್ಚನೆ ನೀರಲ್ಲಿ ಕೂಡಿ ತಿರುಗುತ್ತಿದ್ದವು.

ಯಾರೂ ಗಮನಿಸಿರಲಿಲ್ಲ. ಬಾಯಿಮುಚ್ಚಿಕೊಂಡಿದ್ದರೆ ಮೇಜು ಅವನದೇ. ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಂತ. ಕೊನೆಗೆ ಕಾಲೆಳೆದುಕೊಂಡು ಹತ್ತಿ ಹೋಗಿ ಹೇಳಿದ.

ಮೇಡಂ ಬೈಯಲಿಲ್ಲ, ಅದೇ ಕಷ್ಟವಾಯಿತು. "ಒಳಗಿರೋದೆಲ್ಲ ಈಗ ಕುದೀಬೇಕು. ನೀನೇ ನಿಂತು ಹಾಕಿಸು."

"ಮೇಜು, ಮೇಡಂ?"

"ಮೊದಲು ಇದು ಮುಗೀಲಿ. ಆಮೇಲೆ ನೋಡೋಣ."

ಆ 'ನೋಡೋಣ'ದ ಅರ್ಥ ಅವನಿಗೆ ಗೊತ್ತಿತ್ತು. ಗುರುತನ್ನು ಪಠ್ಯವೆಂದು ಬದಲಿಸಲು ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕಾಯಿತು. ಪಠ್ಯವಾದರೆ ಸೊನ್ನೆಯೂ ಒಂದು ಅಕ್ಷರದ ಹಾಗೆ ಇದ್ದಲ್ಲೇ ಇರುತ್ತದೆ. ಬಟ್ಟೆ ಕುದಿಸುವಷ್ಟರಲ್ಲಿ ಸಂಜೆಯಾಯಿತು.

ಇಸ್ತ್ರಿಯ ಮುದುಕನನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. ಅವರು ಪಕ್ಕಕ್ಕೆ ಬಂದು ನಿಂತರು.

"ಸೊನ್ನೆಗೆ ಬೆಲೆ ಇಲ್ಲ ಅಂತ ಯಾರಪ್ಪಾ ಹೇಳ್ಕೊಟ್ಟಿದ್ದು, ಇಂಜಿನಿಯರ್ರೇ?"

"ಲೆಕ್ಕದ ಮೇಷ್ಟ್ರು, ದೊಡ್ಡಪ್ಪ."

"ಹೇಳಿರ್ತಾರೆ ಬಿಡು. ಅವರೇನು ಗಂಟು ಹೊತ್ತಿದ್ರಾ?"

ನಗು ಬಂತು, ನಗಲು ಮೈಯಲ್ಲಿ ಕಸುವಿರಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡು ಇನ್ನೊಂದು ಗಂಟನ್ನು ಎಳೆದ.