ನೀರಿಗೆ ಶಿಸ್ತು ಕಲಿಸಿದ ಮೇಸ್ತ್ರಿ

ಮೇಸ್ತ್ರಿಗೆ ಅಂಕುಡೊಂಕು ಎಂದರೆ ಮೈ ಉರಿಯುತ್ತಿತ್ತು. ಬೈತಲೆ ತೆಗೆದರೆ ದಾರ ಹಿಡಿದು ತೆಗೆದ ಹಾಗೆ. ಮೇಜಿನ ಮೇಲೆ ನೀರು ಚೆಲ್ಲಿದರೆ ಒರೆಸುವ ಮಾತಿಲ್ಲ. ಬೆರಳಲ್ಲಿ ಗೆರೆ ಎಳೆದು, ಅಂಚಿನ ತನಕ ಕರೆದೊಯ್ದು ಕೆಳಗಿಳಿಸುತ್ತಿದ್ದ. ಅದು ಅತ್ತೆಯ ಕಾಲ ಮೇಲೆ ಇಳಿಯುತ್ತಿತ್ತು ಎಂಬುದು ಬೇರೆ ಮಾತು. ಚರಂಡಿ ತೋಡಿಸುವುದು ಅವನ ಕಸುಬು. ಹಾಗೆಂದವರನ್ನು ಅವನು ಕ್ಷಮಿಸುತ್ತಿರಲಿಲ್ಲ. "ನೀರಿಗೆ ಶಿಸ್ತು ಕಲಿಸ್ತೀನಿ" ಎನ್ನುತ್ತಿದ್ದ.

ಊರ ಮೇಲಿನ ಬೆಟ್ಟದ ನೆತ್ತಿಯಲ್ಲಿ ಬರೀ ಹುಲ್ಲು. ನಡುವೆ ಒಂದು ಜೌಗು: ಎಷ್ಟೋ ತಲೆಮಾರಿನ ಹುಲ್ಲು ಅರೆಕೊಳೆತು ಆದ ಕಪ್ಪು ಮಣ್ಣು, ಹಿಂಡಿದಷ್ಟೂ ನೀರು. ಅಲ್ಲಿಂದ ಜಿನುಗಿದ್ದೇ ಹಳ್ಳವಾಗಿ ಕೆಳಗಿಳಿದು, ಅತ್ತೆ ಶುರುಮಾಡಿ ಈಗ ಹೆಂಡತಿ ನಡೆಸುತ್ತಿದ್ದ ಬಟ್ಟೆ ಒಗೆಯುವ ಶೆಡ್ಡಿನ ತೊಟ್ಟಿ ತುಂಬುತ್ತಿತ್ತು. ಬೇಸಿಗೆಯಲ್ಲೂ ನಿಂತದ್ದಿಲ್ಲ. ಲಾಡ್ಜುಗಳ ಬಿಳಿ ಹಾಸುಬಟ್ಟೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು.

ಒಮ್ಮೆ ಪುರಸಭೆಯ ಅಧ್ಯಕ್ಷರು ಬೆಟ್ಟದ ಮೇಲೆ ಗಾಳಿ ಸೇವನೆಗೆ ಹೋಗಿ ಜೌಗಿನಲ್ಲಿ ಒಂದು ಬೂಟು ಕಳೆದುಕೊಂಡು ಬಂದರು. ಬೂಟು ಸಿಗಲಿಲ್ಲ, ಮೇಸ್ತ್ರಿಗೆ ಕೆಲಸ ಸಿಕ್ಕಿತು. ಜೌಗಿನ ಎದೆ ಸೀಳಿ, ಬಾಣ ಬಿಟ್ಟ ಹಾಗೆ ಒಂದು ಕಾಲುವೆ ತೋಡಿಸಿದ. ಅಧ್ಯಕ್ಷರು ಕೆಸರು ತಗಲದೆ ಓಡಾಡಿ ಚಪ್ಪಾಳೆ ತಟ್ಟಿದರು. ಹೆಂಡತಿಯೂ ಹೆಮ್ಮೆಯಿಂದ ತಟ್ಟಿದಳು.

ಆ ಮಳೆಗಾಲ ನೀರು ಶಿಸ್ತಾಗಿಯೇ ಬಂತು, ಎಲ್ಲಾ ಒಟ್ಟಿಗೆ. ಶೆಡ್ಡಿನ ಒಗೆಯುವ ಕಲ್ಲನ್ನೂ ಕರೆದುಕೊಂಡು ಹೋಯಿತು. ಬೇಸಿಗೆಗೆ ಹಳ್ಳದ ಕಲ್ಲುಗಳು ಹಲ್ಲು ಕಿರಿದವು.

"ಅಳಿಯಂದ್ರೇ," ಎಂದರು ಅತ್ತೆ, "ಬೆಟ್ಟ ಪಾಪ ವರ್ಷವಿಡೀ ಗುಟುಕು ಗುಟುಕಾಗಿ ಕೊಡ್ತಿತ್ತು. ನೀವು ಒಂದೇ ಸಲ ವಾಂತಿ ಮಾಡಿಸಿಬಿಟ್ರಿ."

ಕಾಲುವೆ ಮುಚ್ಚಿಸಿ ಎಂದು ಮೇಸ್ತ್ರಿ ಅಧ್ಯಕ್ಷರ ಬಳಿ ಹೋದ. "ತೋಡಿಸಿದ್ದು ಅಭಿವೃದ್ಧಿ ಅಂತ ಬರೆಸಿದೀವಿ. ಮುಚ್ಚಿಸಿದ್ರೆ ಏನಂತ ಬರೆಸೋದು, ಮೇಸ್ತ್ರಿ?" ಎಂದರು ಅವರು. ಮೇಸ್ತ್ರಿ ತಾನೇ ಹೋಗಿ ಕಾಲುವೆಗೆ ಕಲ್ಲು, ಹುಲ್ಲಿನ ಹೆಂಟೆ ತುಂಬಿದ. ಅಡ್ಡಮಳೆಯೊಂದು ಅಷ್ಟನ್ನೂ ಗುಡಿಸಿಕೊಂಡು, ಕಾಲುವೆಯನ್ನು ಇನ್ನಷ್ಟು ಆಳ ಮಾಡಿ ಹೋಯಿತು. ಗೆರೆ ಮಾತ್ರ ಅಷ್ಟೇ ನೇರ.

ಲಾಡ್ಜಿನವರು ಬೇರೆ ಕಡೆ ಹುಡುಕತೊಡಗಿದರು. ಕೊನೆಯ ಗಂಟು ಒಗೆದು ಹರವಿದ ದಿನ, ಮೇಸ್ತ್ರಿ ಜೌಗಿನ ಒಂದು ಹೆಂಟೆ ಹೊತ್ತು ತಂದ. ಒಣಗಿ ಹಗುರಾಗಿತ್ತು.

"ಇದು ನೀರು ಕುಡಿದ್ರೆ ಬೆಟ್ಟಾನೂ ಕುಡಿಯುತ್ತೆ ಕಣೆ. ಒಂದು ತೊಟ್ಟಿ ನೀರು ಕೊಡು."

"ಬಟ್ಟೆ ಜಾಲಿಸಿದ ನೀರು ಅಷ್ಟೇ ಉಳಿದಿರೋದು, ರೀ."

ಆದರೂ ಕೊಟ್ಟಳು. ಹೆಂಟೆ ತೇಲಿತು. ಮುಳುಗಲೆಂದು ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ. ಮರುದಿನ ಎತ್ತಿದರೆ, ಕೆಸುವಿನೆಲೆಯ ಮೇಲಿನಂತೆ ಹನಿಗಳು ಉರುಳಿ ಬಿದ್ದವು.

"ಹೊರಗೆ ಹಾಗೆ ಕಾಣುತ್ತೆ. ಒಳಗೆ ನೆನೆದಿರುತ್ತೆ ನೋಡು," ಎಂದು ಮೇಸ್ತ್ರಿ ಅದನ್ನು ಮೊಣಕಾಲಿಗೆ ಬಡಿದು ಮುರಿದ.

ಒಳಗೆ ಪುಡಿ. ಕಪ್ಪು, ಬೆಚ್ಚಗಿನ, ಮೂಗಿಗೇರುವ ಪುಡಿ. ಬಾಗಿಲಿಂದ ಬಂದ ಗಾಳಿಗೆ ಎದ್ದು, ತಂತಿಯ ಮೇಲಿನ ಬಿಳಿ ಬಟ್ಟೆಗಳ ಮೇಲೆಲ್ಲ ಕೂತಿತು.

ಅತ್ತೆ ಎದ್ದು ಬಾಗಿಲು ಹಾಕಿದರು. ಹೆಂಡತಿ ಬಟ್ಟೆಗಳನ್ನು ಒಂದೊಂದಾಗಿ ಇಳಿಸಿ ತೊಟ್ಟಿಯ ಹತ್ತಿರ ತಂದಳು. ತೊಟ್ಟಿಯ ನೀರೂ ಕಪ್ಪಾಗಿತ್ತು.

"ಯಾವುದರಲ್ಲಿ ಒಗೀಲಿ, ರೀ?"