ಅತ್ತೆಯ ಗುಪ್ತ ಮತ

ಲೋಕಸಭೆ ಚುನಾವಣೆ ನೋಡಲು ಹೊರದೇಶದಿಂದ ಬಂದಿದ್ದ ವೀಕ್ಷಕಿಯೊಬ್ಬರಿಗೆ ದುಭಾಷಿಯಾಗಿ ನನ್ನನ್ನು ಹಾಕಿದ್ದರು. ಸೂಲಿಬೆಲೆ ಹತ್ತಿರದ ಹಳ್ಳಿಶಾಲೆಯಲ್ಲಿ ಮತ ಹಾಕಿ ಬಂದ ಅಜ್ಜಿಯೊಬ್ಬರು ಗೇಟಿನಾಚೆ ಹೊಂಗೆ ಮರದ ಕೆಳಗೆ ಸೊಸೆಗಾಗಿ ಕಾಯುತ್ತಾ ಕೂತಿದ್ದರು. ಆ ಅಜ್ಜಿಯನ್ನು ಮಾತಾಡಿಸಬೇಕೆಂದು ವೀಕ್ಷಕಿ ಮೇಡಂ ಹೇಳಿದರು.

“ಇಂಥೋರಿಗೇ ಓಟು ಹಾಕು ಅಂತ ಯಾರಾದ್ರೂ ಬಲವಂತ ಮಾಡಿದ್ರಾ ಅಜ್ಜಿ?” ಎಂದು ಕೇಳಿದೆ.

“ಹೂಂ ಕಣಪ್ಪ, ಮಾಡಿದ್ರು.”

ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಪೆನ್ನು ತೆಗೆದರು. ನಮ್ಮ ತಾಲ್ಲೂಕಿನ ಮಾನ ಹೋಯಿತು ಅಂದುಕೊಳ್ಳುತ್ತಲೇ “ಯಾರಜ್ಜಿ?” ಅಂದೆ.

“ಇನ್ಯಾರು, ನನ್ನ ಸೊಸೆ! ಇಂಥ ಗುರುತಿಗೇ ಒತ್ತು ಅಂತ ಒಂದು ವಾರದಿಂದ ತಲೆ ತಿಂದ್ಲು. ಹೂಂ ಕಣಮ್ಮ, ಹೂಂ ಕಣಮ್ಮ ಅಂದೆ. ಒಳಗೋಗಿ ನಂಗೆ ಬೇಕಾದ್ದಕ್ಕೆ ಒತ್ತಿ ಬಂದೆ. ಸುತ್ತ ರಟ್ಟು ಅಡ್ಡ ಇಟ್ಟವ್ರಲ್ಲಾ, ಯಾರ್ಗೂ ಕಾಣಾಕಿಲ್ಲ!”

ನಾನು ಹೇಳಿ ಮುಗಿಸುವಷ್ಟರಲ್ಲಿ ಮೇಡಂ ಜೋರಾಗಿ ನಕ್ಕು ಅಜ್ಜಿಯ ಕೈ ಕುಲುಕಿದರು. ಆಮೇಲೆ ಏನೋ ಬರೆದುಕೊಳ್ಳತೊಡಗಿದರು.

“ಬರ್ಕೊಳ್ಲಿ ಬಿಡಪ್ಪ,” ಅಂದರು ಅಜ್ಜಿ. “ಅವ್ರ ದೇಶಕ್ಕೆಲ್ಲ ಗೊತ್ತಾದ್ರೂ ಆಗ್ಲಿ. ನಮ್ಮನೇಲಿ ಗೊತ್ತಾಗ್ಬಾರ್ದು, ಅಷ್ಟೇ.”

ಅಷ್ಟರಲ್ಲಿ ಸೊಸೆ ಸ್ಕೂಟರ್ ತಂದು ನಿಲ್ಲಿಸಿದಳು. “ಏನ್ ಕೇಳ್ತಿದ್ರು ಸಾರ್, ನಮ್ಮತ್ತೇನ?”

ಅಜ್ಜಿ ನನ್ನ ಮುಖ ನೋಡಿದರು.

“ತಿಂಡಿ ಆಯ್ತಾ ಅಂತ,” ಅಂದೆ.

ಬೆಳಗಿನಿಂದ ಒಂದಕ್ಷರ ಆಚೀಚೆ ಆಗದಂತೆ ಅನುವಾದಿಸಿದ್ದವನು ನಾನು. ಆ ಒಂದು ಸಲ ಮಾತ್ರ, ಗುಪ್ತ ಮತದಾನದ ರಕ್ಷಣೆಗೋಸ್ಕರ, ಸ್ವಲ್ಪ ಆಚೀಚೆ ಆಯಿತು.